ಹಿಮದ ಬೆಟ್ಟಕ್ಕೆ ಹೊರೆಯ ಬಂಡಿ

ವಿದೇಶದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿ ಬಂದ ಹಿರಿಯರು ಅಲ್ಲಿಯ ಎತ್ತರದ ಕಟ್ಟಡಗಳನ್ನೂ ಜಲಪಾತಗಳನ್ನೂ ಕುರಿತು ಬರೆಯುವುದು ವಾಡಿಕೆ. ನಾನೂ ಅವುಗಳಲ್ಲಿ ಕೆಲವನ್ನು ಕಂಡು ಬಂದಿದ್ದೇನೆ. ಆದರೆ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕಳೆದ ಐದು ತಿಂಗಳುಗಳಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿಟ್ಟುದು ಒಂದು ವಾಹನದ ಆಯ್ಕೆ. ಭಾರ ಎಳೆಯಲು, ಸರಕು ಹೊರಲು, ಚಳಿಗಾಲದಲ್ಲಿ ಬೆಟ್ಟದ ಮೇಲೆ ಮಕ್ಕಳೊಡನೆ ತಂಗಲು ತಕ್ಕ ಪಿಕಪ್ ಟ್ರಕ್ಕನ್ನು ನಮ್ಮ ಅಳಿಯಂದಿರು ಹುಡುಕುತ್ತಿದ್ದರು. ಆ ಹುಡುಕಾಟದಲ್ಲಿ ಬೈಲಹೊಂಗಲ ಸೀಮೆಯ ಒಬ್ಬ ಒಕ್ಕಲಿಗನಿಗೆ ಏನು ಕೆಲಸವೆಂದು ಓದುಗರು ಕೇಳಬಹುದು. ಅದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ನಾನೂ ನನ್ನ ಪತ್ನಿಯೂ ಡೆನ್ವರ್ ನಗರವನ್ನು ತಲುಪಿದುದು 2023ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ. ಸಮುದ್ರಮಟ್ಟದಿಂದ 5,280 ಅಡಿ, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿರುವ ಊರಿದು. ಆದುದರಿಂದಲೇ ಇದಕ್ಕೆ 'ಮೈಲಿಯೆತ್ತರದ ನಗರ'ವೆಂಬ ಹೆಸರು. ಪೂರ್ವಕ್ಕೆ ನಮ್ಮ ಎರೆಭೂಮಿಯನ್ನು ನೆನಪಿಸುವ ಅಖಂಡ ಬಯಲು. ಪಶ್ಚಿಮಕ್ಕೆ ಗೋಡೆ ಕಟ್ಟಿದಂತೆ ನಿಂತ ರಾಕಿ ಪರ್ವತಶ್ರೇಣಿ. ಮಗಳ ಮನೆಯ ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಮೊದಲ ಹಿಮ ಬಿದ್ದ ಶಿಖರಗಳು ಬೆಳಗಿನ ಬಿಸಿಲಿಗೆ ಹೊಳೆಯುತ್ತಿದ್ದವು.

ಆ ದೇಶದಲ್ಲಿ ಪಿಕಪ್ ಟ್ರಕ್ಕಿಗೆ ಇರುವ ಸ್ಥಾನ ನಮ್ಮವರಿಗೆ ಅಚ್ಚರಿಯನ್ನುಂಟುಮಾಡುತ್ತದೆ. ಮುಂದೆ ಕಾರಿನಂತೆ ಕುಳಿತುಕೊಳ್ಳುವ ಕೋಣೆ, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ಇದೇ ಅದರ ರೂಪ. 1925ರಲ್ಲಿ ಫೋರ್ಡ್ ಕಂಪನಿಯು ತನ್ನ 'ಮಾಡೆಲ್ ಟಿ' ಕಾರಿಗೆ ಹಿಂಬದಿಯಲ್ಲಿ ತೊಟ್ಟಿಯನ್ನು ಜೋಡಿಸಿ ಕಾರ್ಖಾನೆಯಿಂದಲೇ ಮಾರತೊಡಗಿತು. ರೈತರು, ಬಡಗಿಗಳು, ಹಾಲಿನವರು ಕೊಂಡರು. ಇಂದು ವೈದ್ಯರೂ ಇಂಜಿನಿಯರರೂ ಕೊಳ್ಳುತ್ತಾರೆ. ಇವು ಹೆಚ್ಚಾಗಿ ಅಲ್ಲಿಯೇ ತಯಾರಾಗುವುದಕ್ಕೆ ಒಂದು ಹಳೆಯ ಕಾರಣವುಂಟು. ಅಮೆರಿಕದ ಕೋಳಿಮಾಂಸದ ಮೇಲೆ ಯೂರೋಪಿನವರು ಸುಂಕ ಹೇರಿದರೆಂದು 1964ರಲ್ಲಿ ಅಮೆರಿಕವು ಹೊರದೇಶದ ಹಗುರ ಟ್ರಕ್ಕುಗಳ ಮೇಲೆ ಶೇಕಡ 25ರಷ್ಟು ಸುಂಕ ವಿಧಿಸಿತು. ಕೋಳಿಯ ಜಗಳ ಮುಗಿದರೂ ಟ್ರಕ್ಕಿನ ಸುಂಕ ಉಳಿಯಿತು. ಜಪಾನಿನ ಟೊಯೋಟಾ ಕಂಪನಿ ಕೂಡ ತನ್ನ ದೊಡ್ಡ ಪಿಕಪ್ಪನ್ನು ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿ ಕಾರ್ಖಾನೆ ಕಟ್ಟಿ ತಯಾರಿಸುತ್ತದೆ.

ಅಳಿಯಂದಿರಿಗೆ ಟ್ರಕ್ಕು ಬೇಕಾದುದು ಕೇವಲ ಮೆರುಗಿಗಲ್ಲ. ಮನೆಯಲ್ಲಿ ಕಟ್ಟಿಗೆಯ ಒಲೆಯಿಂದ ಕೋಣೆ ಬೆಚ್ಚಗಾಗಿಸುವ ವ್ಯವಸ್ಥೆಯಿದೆ. ಸರ್ಕಾರಿ ಅರಣ್ಯದಲ್ಲಿ ಪರವಾನಿಗೆ ಪಡೆದು ಒಣ ಮರಗಳನ್ನು ಕಡಿದು ತರುತ್ತಾರೆ. ಮಗಳು ಹಿತ್ತಲಲ್ಲಿ ತರಕಾರಿ ಬೆಳೆಯುವುದರಿಂದ ಮಣ್ಣು ಗೊಬ್ಬರಗಳ ಸಾಗಾಟವೂ ಇದೆ. ಇದಕ್ಕಿಂತ ಮಿಗಿಲಾಗಿ, ಮಲಗುವ ಹಾಸಿಗೆ, ಒಲೆ, ಶೌಚದ ವ್ಯವಸ್ಥೆಗಳಿರುವ ಮನೆಯಂಥ ಟ್ರೇಲರನ್ನು ಟ್ರಕ್ಕಿಗೆ ಕಟ್ಟಿಕೊಂಡು, ಚಳಿಗಾಲದಲ್ಲಿಯೂ ಬೆಟ್ಟಗಳಲ್ಲಿ ತಂಗಬೇಕೆಂಬ ಆಸೆ ಅವರಿಗೂ ಇಬ್ಬರು ಮೊಮ್ಮಕ್ಕಳಿಗೂ ಇತ್ತು.

ಗಾಳಿಯಲ್ಲಿ ತೂಗಿದ ಟ್ರೇಲರ್

ನವೆಂಬರ್ ತಿಂಗಳಲ್ಲಿ ಅಳಿಯಂದಿರ ಸ್ನೇಹಿತರೊಬ್ಬರು ತಮ್ಮ ಪಿಕಪ್ಪನ್ನೂ ಟ್ರೇಲರನ್ನೂ ಎರಡು ದಿನಗಳ ಮಟ್ಟಿಗೆ ಕೊಟ್ಟರು. ಮಗಳೂ ನನ್ನ ಪತ್ನಿಯೂ ಮಕ್ಕಳೊಡನೆ ಕಾರಿನಲ್ಲಿ ಹಿಂದೆ ಬಂದರು. ನಾನು ಅಳಿಯಂದಿರ ಪಕ್ಕದಲ್ಲಿ ಕುಳಿತೆ. ಡೆನ್ವರಿನಿಂದ ದಕ್ಷಿಣಕ್ಕೆ ಕೊಲೊರಾಡೊ ಸ್ಪ್ರಿಂಗ್ಸ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಾನ್ಯುಮೆಂಟ್ ಹಿಲ್ ಎಂಬ ದಿಬ್ಬವಿದೆ. ಎತ್ತರ ಏಳು ಸಾವಿರ ಅಡಿಗಿಂತ ಹೆಚ್ಚು. ಅಡ್ಡಗಾಳಿಗೆ ಹೆಸರಾದ ಸ್ಥಳ. ದಿಬ್ಬವನ್ನು ಇಳಿಯುವಾಗ ದೊಡ್ಡದೊಂದು ಲಾರಿ ನಮ್ಮನ್ನು ದಾಟಿ ಹೋಯಿತು. ಅದರ ಗಾಳಿಯ ಹೊಡೆತಕ್ಕೆ ನಮ್ಮ ಟ್ರೇಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತೂಗತೊಡಗಿತು. ಒಂದೊಂದು ತೂಗಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತಿತ್ತು. ಟ್ರಕ್ಕಿನ ಹಿಂಭಾಗವೂ ಅದರೊಡನೆ ಅತ್ತಿತ್ತ ಎಳೆಯಲ್ಪಟ್ಟಿತು.

ಅಳಿಯಂದಿರು ಗಾಬರಿಗೊಂಡು ಟ್ರಕ್ಕಿನ ಬ್ರೇಕನ್ನು ಗಟ್ಟಿಯಾಗಿ ಒತ್ತಲಿಲ್ಲವೆಂಬುದೇ ನಮ್ಮ ಪುಣ್ಯ. ವೇಗವರ್ಧಕದಿಂದ ಕಾಲು ತೆಗೆದು, ಟ್ರೇಲರಿನ ಬ್ರೇಕನ್ನಷ್ಟೇ ಪ್ರತ್ಯೇಕವಾಗಿ ಹಾಕುವ ಕೈಗುಂಡಿಯನ್ನು ಮೆಲ್ಲಗೆ ಅದುಮಿದರು. ಹಿಂದಿನ ಗಾಡಿ ತಾನೇ ಹಿಡಿದುಕೊಂಡಾಗ ಕೊಂಡಿ ಬಿಗಿಯಾಗಿ, ಎರಡೂ ಒಂದೇ ಗೆರೆಗೆ ಬಂದವು. ಮುಂದಿನ ನಿಲ್ದಾಣದಲ್ಲಿ ನಿಂತಾಗ ಅವರ ಕೈ ನಡುಗುತ್ತಿತ್ತು. ಹಿಂದೆ ಕಾರಿನಲ್ಲಿದ್ದ ಮಗಳ ಮುಖದಲ್ಲಿ ರಕ್ತವೇ ಇರಲಿಲ್ಲ.

ನಾನು ಕೆಳಗಿಳಿದು ಟ್ರೇಲರನ್ನು ಒಂದು ಸುತ್ತು ಹಾಕಿದೆ. ಕಟ್ಟಿಗೆಯ ಕಟ್ಟುಗಳು, ನೀರಿನ ಕ್ಯಾನುಗಳು ಎಲ್ಲವನ್ನೂ ಅದರ ಹಿಂಬದಿಯ ಬಾಗಿಲ ಬಳಿ ಇಟ್ಟಿದ್ದರು. ನಮ್ಮೂರಿನಲ್ಲಿ ಚಕ್ಕಡಿ ಹೂಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು, ನೊಗ ಹಗುರಾಗಿ, ಎತ್ತುಗಳ ಕೊರಳಿನ ಜತ್ತಿಗೆ ಬಿಗಿಯುತ್ತದೆ. ಬಂಡಿ ಹೇಳಿದಂತೆ ಕೇಳುವುದಿಲ್ಲ. ಮುಂಭಾರ ಅತಿಯಾದರೆ ಎತ್ತುಗಳ ಹೆಗಲು ಹುಣ್ಣಾಗುತ್ತದೆ. ಎರಡಕ್ಕೂ ನಡುವಿನ ಒಂದು ಹದದಲ್ಲಿ ಹೊರೆಯನ್ನು ಹೇರಬೇಕು. "ಹೊರೆ ಹಿಂದಾಗಿದೆ" ಎಂದಷ್ಟೇ ಹೇಳಿದೆ. ಇಬ್ಬರೂ ಸೇರಿ ಎಲ್ಲವನ್ನೂ ಟ್ರೇಲರಿನ ಗಾಲಿಗಳಿಗಿಂತ ಮುಂದಕ್ಕೆ ಸರಿಸಿದೆವು. ಉಳಿದ ದಾರಿ ಸುಖವಾಗಿ ಸಾಗಿತು.

ಹೇಳಬೇಕಾಗಿ ಬಂದ ಮಾತು

ಡಿಸೆಂಬರಿನಲ್ಲಿ ಅಳಿಯಂದಿರು ಒಂದು ಮಾರಾಟ ಮಳಿಗೆಗೆ ನಮ್ಮನ್ನು ಕರೆದೊಯ್ದರು. 'ಅರ್ಧ ಟನ್' ವರ್ಗದ, ಚರ್ಮದ ಆಸನಗಳೂ ಗಾಜಿನ ಮಾಳಿಗೆಯೂ ಇದ್ದ ಹೊಸ ಟ್ರಕ್ಕು ಅವರ ಕಣ್ಣಿಗೆ ಬಿದ್ದಿತ್ತು. ಬೆಲೆ ಅರವತ್ತು ಸಾವಿರ ಡಾಲರುಗಳನ್ನು ಮೀರಿತ್ತು. ಮಾರಾಟಗಾರನು "ಇದು ಹನ್ನೊಂದು ಸಾವಿರ ಪೌಂಡು ಎಳೆಯುತ್ತದೆ, ನೀವು ನೋಡಿಟ್ಟ ಟ್ರೇಲರ್ ತುಂಬಿದರೂ ಏಳು ಸಾವಿರದ ಆರುನೂರು ಪೌಂಡು. ಇನ್ನೇನು ಯೋಚನೆ?" ಎಂದನು. ಕೇಳುವುದಕ್ಕೆ ಸರಿಯೆಂದೇ ತೋರುತ್ತಿತ್ತು. ಅಳಿಯಂದಿರು ಮುಂಗಡ ಕೊಡಲು ಸಿದ್ಧರಾದರು.

ಮಗಳ ಮನೆಯಲ್ಲಿ ಅತಿಥಿಯಾಗಿರುವವನು ಅಳಿಯನ ಕೊಳ್ಳುವಿಕೆಯಲ್ಲಿ ಬಾಯಿ ಹಾಕುವುದು ಶೋಭಿಸುವುದಿಲ್ಲವೆಂದು ನಾನು ಬಲ್ಲೆ. ಅವರು ಓದಿದವರು, ಇಪ್ಪತ್ತು ವರ್ಷಗಳಿಂದ ಆ ರಸ್ತೆಗಳಲ್ಲಿ ವಾಹನ ನಡೆಸಿದವರು. ಆದರೂ ಅಂದು ಸುಮ್ಮನಿರಲಾಗಲಿಲ್ಲ. "ಒಂದು ರಾತ್ರಿ ತಡೆಯೋಣ" ಎಂದೆ. ಅವರಿಗೆ ಬೇಸರವಾಯಿತು. ಮನೆಗೆ ಹಿಂದಿರುಗುವಾಗ, "ಇಲ್ಲಿಯ ಗಾಡಿಗಳೇ ಬೇರೆ ಮಾವ, ನಮ್ಮೂರಿನ ಟ್ರ್ಯಾಕ್ಟರಿನಂತಲ್ಲ" ಎಂದರು.

ಊಟವಾದ ಮೇಲೆ, ಅದುವರೆಗೆ ಅವರೆದುರಿಗೆ ಹೇಳದಿದ್ದ ಸಂಗತಿಯನ್ನು ಹೇಳಿದೆ. 1991ರ ಕಬ್ಬಿನ ಹಂಗಾಮಿನಲ್ಲಿ ನನ್ನ ತಮ್ಮನು ಎರಡು ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ರಾತ್ರಿ ಕಾರ್ಖಾನೆಗೆ ಹೊರಟನು. ಒಂದು ಖೇಪು ಉಳಿಯಲೆಂದು ಹೊರೆಯನ್ನು ನಾನೇ ಹೆಚ್ಚಾಗಿ ಹೇರಿಸಿದ್ದೆ. ಏರಿನಲ್ಲಿ ಟ್ರ್ಯಾಕ್ಟರ್ ನಿಧಾನವಾಗಿ ಎಳೆಯಿತು. ಯಾವ ತೊಂದರೆಯೂ ಆಗಲಿಲ್ಲ. ಹಳ್ಳದ ಇಳಿಜಾರಿನಲ್ಲಿ ಹಿಂದಿನ ಹೊರೆ ಮುಂದಿನ ಯಂತ್ರವನ್ನು ತಳ್ಳಿತು. ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚಿತು. ತಮ್ಮನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ತೆಗೆಯಬೇಕಾಯಿತು. ಆಗ ಅವನಿಗೆ ಇಪ್ಪತ್ತಾರು ವರ್ಷ. "ಟ್ರ್ಯಾಕ್ಟರ್ ಎಳೆಯಿತೇ ಎಂದು ಕೇಳಿದರೆ, ಎಳೆಯಿತು. ತಡೆಯಿತೇ ಎಂದು ನಾವು ಕೇಳಲಿಲ್ಲ" ಎಂದೆ.

ಮಗಳಿಗೆ ಚಿಕ್ಕಪ್ಪನ ಕಾಲು ಹೋದುದು ಗೊತ್ತಿತ್ತು; ಹೊರೆ ಹೇರಿಸಿದವನು ನಾನೆಂಬುದು ಗೊತ್ತಿರಲಿಲ್ಲ. ಯಾರೂ ಬಹಳ ಹೊತ್ತು ಮಾತನಾಡಲಿಲ್ಲ. ಅಳಿಯಂದಿರು ಎದ್ದು ಹೋಗಿ ಒಂದು ನೋಟುಪುಸ್ತಕ ತಂದು, "ಲೆಕ್ಕ ಹಾಕೋಣ ಬನ್ನಿ" ಎಂದರು.

ಬಾಗಿಲ ಕಂಬದ ಚೀಟಿ

ಮರುದಿನದಿಂದ ನಾವು ಕಲಿತುದನ್ನು ಓದುಗರ ಅನುಕೂಲಕ್ಕಾಗಿ ಸರಳವಾಗಿ ಹೇಳುತ್ತೇನೆ. ಅಲ್ಲಿಯ ದೊಡ್ಡ ಪಿಕಪ್ಪುಗಳನ್ನು ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂದು ಮೂರು ವರ್ಗಗಳಾಗಿ ಕರೆಯುತ್ತಾರೆ. ಒಂದು ಕಾಲದಲ್ಲಿ ಅವು ಹೊರುತ್ತಿದ್ದ ಭಾರದಿಂದ ಬಂದ ಹೆಸರುಗಳು. ಈಗ ಹೆಸರಷ್ಟೇ ಉಳಿದಿವೆ. ಫೋರ್ಡಿನಲ್ಲಿ 150, 250, 350 ಎಂಬ ಅಂಕಿಗಳೂ ಷೆವ್ರೊಲೆ ಮತ್ತು ರ‍್ಯಾಮ್‌ಗಳಲ್ಲಿ 1500, 2500, 3500 ಎಂಬ ಅಂಕಿಗಳೂ ಈ ವರ್ಗಗಳನ್ನು ಸೂಚಿಸುತ್ತವೆ.

ಎಳೆಯುವ ಶಕ್ತಿ ಬೇರೆ, ಹೊರುವ ಶಕ್ತಿ ಬೇರೆ. ಎಳೆಯುವ ಶಕ್ತಿಯನ್ನು ಅಳೆಯುವುದಕ್ಕೆ ಅಮೆರಿಕದ ವಾಹನ ಇಂಜಿನಿಯರರ ಸಂಸ್ಥೆಯು 'ಜೆ 2807' ಎಂಬ ಮಾನದಂಡವನ್ನು ರೂಪಿಸಿದೆ. ಅರಿಜೋನಾ ರಾಜ್ಯದ ಡೇವಿಸ್ ಅಣೆಕಟ್ಟಿನ ಬಳಿಯ ಉದ್ದನೆಯ ಏರು ಅದರ ಪರೀಕ್ಷಾಭೂಮಿ. ಜಾಹೀರಾತುಗಳಲ್ಲಿ ಕಾಣುವ ದೊಡ್ಡ ಅಂಕಿಗಳು ಅಂಥ ಪರೀಕ್ಷೆಗಳವು. ಆದರೆ ಪರೀಕ್ಷೆಯ ಟ್ರಕ್ಕಿನಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳು, ಕಟ್ಟಿಗೆ, ನೀರು ಇರುವುದಿಲ್ಲ. ಹೊರುವ ಮಿತಿಯನ್ನು ತಿಳಿಯಬೇಕಾದರೆ ಚಾಲಕನ ಬಾಗಿಲನ್ನು ತೆರೆದು, ಕಂಬಕ್ಕೆ ಅಂಟಿಸಿದ ಹಳದಿ ಪಟ್ಟಿಯ ಬಿಳಿ ಚೀಟಿಯನ್ನು ಓದಬೇಕು. ಜನರೂ ಸರಕೂ ಸೇರಿ ಇಷ್ಟು ತೂಕವನ್ನು ಎಂದಿಗೂ ಮೀರಬಾರದೆಂದು ಅದರಲ್ಲಿ ಬರೆದಿರುತ್ತದೆ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಟ್ರಕ್ಕುಗಳ ಚೀಟಿಗಳು ಒಂದೇ ಆಗಿರುವುದಿಲ್ಲ. ಚರ್ಮದ ಆಸನ, ಗಾಜಿನ ಮಾಳಿಗೆ, ದೊಡ್ಡ ಗಾಲಿ ಎಂದು ಬೆಡಗು ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಹೆಚ್ಚಿ, ಹೊರುವ ಮಿತಿ ಕುಗ್ಗುತ್ತದೆ.

ಇನ್ನೊಂದು ಮುಖ್ಯ ಮಾತು. ಟ್ರೇಲರಿನ ತೂಕವೆಲ್ಲ ಅದರ ಗಾಲಿಗಳ ಮೇಲೆಯೇ ನಿಲ್ಲುವುದಿಲ್ಲ. ಚಕ್ಕಡಿಯ ಮೂಕಿ ನೊಗದ ಮೇಲೆ ಕೂರುವಂತೆ, ಟ್ರೇಲರಿನ ಮೂತಿ ಟ್ರಕ್ಕಿನ ಕೊಂಡಿಯ ಮೇಲೆ ಕೂರುತ್ತದೆ. ಅದು ಒಟ್ಟು ತೂಕದ ಶೇಕಡ 10ರಿಂದ 15ರಷ್ಟಿರಬೇಕು. ಕಡಿಮೆಯಾದರೆ ನಾವು ಕಂಡಂತೆ ತೂಗಾಟ. ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿದು, ತಿರುಗಿಸುವ ಮುಂಗಾಲಿಗಳ ಮೇಲಿನ ಹಿಡಿತ ಸಡಿಲವಾಗುತ್ತದೆ. ಈ ಮೂತಿಯ ಭಾರವೂ ಟ್ರಕ್ಕು ಹೊರುವ ಲೆಕ್ಕಕ್ಕೇ ಸೇರುತ್ತದೆ. ಮಾರಾಟಗಾರನು ಹೇಳದೆ ಬಿಟ್ಟುದು ಇದನ್ನೇ.

ಅಳಿಯಂದಿರು ಬರೆದ ಲೆಕ್ಕ ಹೀಗಿತ್ತು. ನಾವು ಆರು ಜನರ ತೂಕ 336 ಕಿಲೋ. ಕೊಂಡಿಯ ಸಲಕರಣೆ 45 ಕಿಲೋ. ತೊಟ್ಟಿಯಲ್ಲಿ ಕಟ್ಟಿಗೆ, ನೀರು, ಸಾಮಾನು 110 ಕಿಲೋ. ಒಟ್ಟು 491. ತುಂಬಿದ ಟ್ರೇಲರ್ ಸುಮಾರು 3,450 ಕಿಲೋ. ಅದರ ಶೇಕಡ 13ರಂತೆ ಮೂತಿಯ ಭಾರ ಸುಮಾರು 450. ಎಲ್ಲ ಸೇರಿ 941 ಕಿಲೋ. ಮರುದಿನ ಮಳಿಗೆಗೆ ಹೋಗಿ ಆ ಬೆಡಗಿನ ಟ್ರಕ್ಕಿನ ಬಾಗಿಲು ತೆರೆದು ನೋಡಿದರೆ ಚೀಟಿಯಲ್ಲಿದ್ದುದು 670 ಕಿಲೋ! ಇನ್ನೂ ಒಂದು ಸಂಗತಿ: ಮುಂದಿನ ಎರಡು ಆಸನಗಳ ನಡುವೆ ಪೆಟ್ಟಿಗೆಯಿದ್ದುದರಿಂದ ಅದರಲ್ಲಿ ಕೂರಬಹುದಾದವರು ಐವರೇ. ಆರು ಜನರ ಸಂಸಾರಕ್ಕೆ ಐದು ಆಸನದ ಗಾಡಿಯನ್ನು ಕೊಳ್ಳಲಿದ್ದೆವೆಂದು ಎಲ್ಲರಿಗೂ ನಗು ಬಂತು. ಅಳಿಯಂದಿರೂ ನಕ್ಕರು. ಅಂದಿನಿಂದ ನಮ್ಮ ನಡುವಿನ ಬಿಗುವು ಸಡಿಲವಾಯಿತು.

ಪೆಟ್ರೋಲೋ ಡೀಸೆಲ್ಲೋ

ಮುಕ್ಕಾಲು ಟನ್ ವರ್ಗದಲ್ಲಿ ಎರಡು ಬಗೆಯ ಯಂತ್ರಗಳುಂಟು. ಡೀಸೆಲ್ ಯಂತ್ರಕ್ಕೆ ಟರ್ಬೊ ಇರುವುದರಿಂದ ಎತ್ತರದ ತೆಳುಗಾಳಿಯಲ್ಲಿಯೂ ಅದು ಅಷ್ಟಾಗಿ ಸೊರಗುವುದಿಲ್ಲ. ಹೊಗೆಯ ದಾರಿಯನ್ನು ಬಿಗಿಹಿಡಿದು ವೇಗ ತಡೆಯುವ ಬ್ರೇಕು ಅದರ ದೊಡ್ಡ ಗುಣ. ಆದರೆ ಬೆಲೆ ಸಾವಿರಾರು ಡಾಲರುಗಳಷ್ಟು ಹೆಚ್ಚು, ಯಂತ್ರವೂ ಭಾರ. ನಾವು ನೋಡಿದ ಒಂದು ಡೀಸೆಲ್ ಟ್ರಕ್ಕಿನ ಚೀಟಿಯಲ್ಲಿ 1,050 ಕಿಲೋ ಇದ್ದರೆ, ಅದೇ ವರ್ಗದ ಸಾದಾ ಪೆಟ್ರೋಲ್ ಟ್ರಕ್ಕಿನಲ್ಲಿ 1,500 ಕಿಲೋ ಇತ್ತು. ಕಡು ಚಳಿಯಲ್ಲಿ ಡೀಸೆಲ್ಲಿನೊಳಗಿನ ಮೇಣ ಹೆಪ್ಪುಗಟ್ಟಿ ಸೋಸುಕ ಕಟ್ಟಿಕೊಳ್ಳುತ್ತದೆ. ಆದುದರಿಂದ ಚಳಿಗಾಲಕ್ಕೆಂದೇ ಬೆರೆಸಿದ ಇಂಧನ ಬೇಕು. ರಾತ್ರಿ ಯಂತ್ರವನ್ನು ಬೆಚ್ಚಗಿಡುವ ವಿದ್ಯುತ್ ಕಾಯಿಸುಕವೂ ಬೇಕು. ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವವು ಸೊನ್ನೆಗಿಂತ 11 ಡಿಗ್ರಿ ಕೆಳಗೆ ಗಡ್ಡೆಗಟ್ಟುತ್ತದೆ. ಅದನ್ನು ಕರಗಿಸುವ ವ್ಯವಸ್ಥೆ ಗಾಡಿಯಲ್ಲಿಯೇ ಇರುತ್ತದೆ.

ಟರ್ಬೊ ಇಲ್ಲದ ಪೆಟ್ರೋಲ್ ಯಂತ್ರವು ಪ್ರತಿ ಸಾವಿರ ಅಡಿ ಎತ್ತರಕ್ಕೆ ಶೇಕಡ ಮೂರರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಂಬತ್ತು ಸಾವಿರ ಅಡಿಗೆ ಏರಿದಾಗ ಕಾಲುಭಾಗಕ್ಕಿಂತ ಹೆಚ್ಚು ಹೋಗಿರುತ್ತದೆ. ಏರಿನಲ್ಲಿ ನಿಧಾನ, ಇಂಧನದ ಖರ್ಚು ಹೆಚ್ಚು. ಆದರೆ ಕೊಂಡ ಬೆಲೆಯೂ ದುರಸ್ತಿಯ ಖರ್ಚೂ ಕಡಿಮೆ, ಚಳಿಯ ತೊಡಕು ಕಡಿಮೆ, ಹೊರುವ ಮಿತಿ ಹೆಚ್ಚು. ವರ್ಷಕ್ಕೆ ಹತ್ತು ಹನ್ನೆರಡು ಬಾರಿ ಮಾತ್ರ ಟ್ರೇಲರ್ ಎಳೆಯುವ ಸಂಸಾರಕ್ಕೆ ಇದೇ ಸರಿಯೆಂದು ತೀರ್ಮಾನವಾಯಿತು. ವಿದ್ಯುತ್ ಪಿಕಪ್ಪುಗಳನ್ನೂ ನೋಡಿದೆವು. ಟ್ರೇಲರ್ ಕಟ್ಟಿದರೆ ಅವು ಕ್ರಮಿಸುವ ದೂರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಚಳಿಯಲ್ಲಿ ಇನ್ನೂ ಕುಗ್ಗುತ್ತದೆ ಎಂಬ ಕಾರಣದಿಂದ ಬಿಟ್ಟೆವು.

ಆಗ ಮಗಳು ಒಂದು ಮಾತು ಹೇಳಿದಳು: "ಅಪ್ಪಾಜಿ, ಟ್ರಕ್ಕನ್ನೇ ಯಾಕೆ ದೊಡ್ಡದು ಮಾಡಬೇಕು? ಟ್ರೇಲರನ್ನು ಚಿಕ್ಕದು ಮಾಡಬಾರದೇ?" ನಾವಿಬ್ಬರು ಗಂಡಸರಿಗೆ ಹೊಳೆಯದ ಮಾತಿದು. ತುಂಬಿದಾಗ 2,700 ಕಿಲೋ ತೂಗುವ, ಗೋಡೆ ನೆಲಗಳಿಗೆ ಒಳ್ಳೆಯ ಶಾಖರಕ್ಷಣೆಯಿರುವ ಟ್ರೇಲರನ್ನು ಅವಳೇ ಹುಡುಕಿದಳು. ಮೂತಿಯ ಭಾರ 351 ಕಿಲೋಗೆ ಇಳಿದು, ಒಟ್ಟು ಹೊರೆ 842 ಆಯಿತು. ಬೆಡಗಿಲ್ಲದ ಅರ್ಧ ಟನ್ ಟ್ರಕ್ಕೊಂದರ ಚೀಟಿಯಲ್ಲಿ 860 ಇದ್ದುದರಿಂದ ಅಳಿಯಂದಿರ ಮನಸ್ಸು ಮತ್ತೆ ಅತ್ತ ವಾಲಿತು. ಹದಿನೆಂಟು ಕಿಲೋ ಉಳಿಕೆ! ಮೊಮ್ಮಗ ಎರಡು ವರ್ಷ ಬೆಳೆದರೆ ಮುಗಿಯಿತು. ಕಟ್ಟಿಗೆಯ ಲೆಕ್ಕವೂ ಇತ್ತು. ಅಲ್ಲಿ ಕಟ್ಟಿಗೆಯನ್ನು 128 ಘನ ಅಡಿಗಳ 'ಕಾರ್ಡ್' ಎಂಬ ಅಳತೆಯಿಂದ ಮಾರುತ್ತಾರೆ. ಒಣಗಿದ ಪೈನ್ ಮರದ ಒಂದು ಕಾರ್ಡ್ ಸುಮಾರು ಒಂದು ಟನ್ ತೂಗುತ್ತದೆ. ಕೊನೆಗೆ ನಾಲ್ಕು ವರ್ಷ ಹಳೆಯದಾದ, ಬಟ್ಟೆಯ ಆಸನಗಳ, ಮುಂದೆ ಮೂವರು ಕೂರಬಹುದಾದ, 1,500 ಕಿಲೋ ಹೊರುವ ಮುಕ್ಕಾಲು ಟನ್ ಪೆಟ್ರೋಲ್ ಟ್ರಕ್ಕು ಮನೆಗೆ ಬಂತು. ಬೆಲೆ ಮೊದಲು ನೋಡಿದುದರ ಅರ್ಧಕ್ಕಿಂತ ತುಸು ಹೆಚ್ಚು.

ಚಳಿಗಾಲದ ಸಿದ್ಧತೆಯಲ್ಲಿ ಮೊದಲನೆಯದು ಟೈರು. ಮೂರು ಶಿಖರ ಮತ್ತು ಹಿಮದ ಹರಳಿನ ಚಿಹ್ನೆಯಿರುವ ಟೈರುಗಳನ್ನು ಹಾಕಿಸಿದರು. ಡೆನ್ವರಿನಿಂದ ಪಶ್ಚಿಮಕ್ಕೆ ಬೆಟ್ಟ ಹತ್ತುವ 70ನೆಯ ಹೆದ್ದಾರಿಯಲ್ಲಿ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ತಕ್ಕ ಟೈರು ಅಥವಾ ಸರಪಳಿಯ ಸಿದ್ಧತೆ ಕಾನೂನಿನಂತೆ ಕಡ್ಡಾಯ. ನಾಲ್ಕೂ ಗಾಲಿಗೆ ಶಕ್ತಿ ಕೊಡುವ ವ್ಯವಸ್ಥೆ ಹಿಮದಲ್ಲಿ ಹೊರಡುವುದಕ್ಕೆ ಸಹಾಯಕ, ಆದರೆ ನಿಲ್ಲುವುದಕ್ಕೆ ಅಲ್ಲ, ನಿಲ್ಲಿಸುವುದು ಟೈರು. ಖಾಲಿ ಪಿಕಪ್ಪಿನ ಹಿಂಭಾಗ ಹಗುರವಾಗಿ ಜಾರುವುದರಿಂದ, ಟ್ರೇಲರ್ ಕಟ್ಟದ ದಿನಗಳಲ್ಲಿ ಹಿಂದಿನ ಅಚ್ಚಿನ ಮೇಲೆ ಮರಳಿನ ಚೀಲಗಳನ್ನು ಇಡುವ ರೂಢಿಯಿದೆ.

ಮ್ಯೂಲರ್ ವನದಲ್ಲಿ ಎರಡು ರಾತ್ರಿ

2024ರ ಫೆಬ್ರವರಿಯಲ್ಲಿ ಹೊರಟೆವು. ಮೊದಲು ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿದ್ದ ಕಾಟಾದ ಮೇಲೆ ಎಲ್ಲವನ್ನೂ ತೂಗಿಸಿದೆವು. ಕಬ್ಬಿನ ಕಾಟಾದ ಮುಂದೆ ರಾತ್ರಿಗಳನ್ನು ಕಳೆದ ನನಗೆ ಅದೇ ಹಳೆಯ ನೆಂಟನನ್ನು ಕಂಡಂತಾಯಿತು. ಮಾನ್ಯುಮೆಂಟ್ ಹಿಲ್ಲಿನಲ್ಲಿ ಗಾಳಿಯಿತ್ತು, ಟ್ರೇಲರ್ ಮಿಸುಕಲಿಲ್ಲ.

ಕೊಲೊರಾಡೊ ಸ್ಪ್ರಿಂಗ್ಸಿನಿಂದ ಪಶ್ಚಿಮಕ್ಕೆ 24ನೆಯ ಹೆದ್ದಾರಿ ಯೂಟ್ ಪಾಸ್ ಎಂಬ ಕಣಿವೆಯಲ್ಲಿ ಏರುತ್ತದೆ. ಬಿಳಿಯರು ಬರುವುದಕ್ಕೆ ಬಹು ಹಿಂದಿನಿಂದ ಯೂಟ್ ಜನಾಂಗದವರು ನಡೆದಾಡಿದ ದಾರಿಯಿದು. ಎಡಕ್ಕೆ 14,115 ಅಡಿ ಎತ್ತರದ ಪೈಕ್ಸ್ ಪೀಕ್. 1806ರಲ್ಲಿ ಇದನ್ನು ಕಂಡ ಜೆಬ್ಯುಲನ್ ಪೈಕ್ ಎಂಬ ಸೇನಾಧಿಕಾರಿಯ ಹೆಸರು ಇದಕ್ಕೆ ಬಂತು. ಆದರೆ ಆತನು ಹತ್ತಲು ಹೊರಟು, ಹಿಮ ಚಳಿಗಳಿಗೆ ಸೋತು ಹಿಂದಿರುಗಿದನು. ನಮ್ಮ ಟ್ರಕ್ಕು ಏರಿನಲ್ಲಿ ಗೊರಗೊರ ಸದ್ದು ಮಾಡುತ್ತ ಬಲಬದಿಯ ಸಾಲಿನಲ್ಲಿ ನಿಧಾನವಾಗಿ ಸಾಗಿತು. ಹಲವರು ನಮ್ಮನ್ನು ದಾಟಿ ಹೋದರು. ಅಳಿಯಂದಿರು ಅವಸರಪಡಲಿಲ್ಲ.

ವುಡ್‌ಲ್ಯಾಂಡ್ ಪಾರ್ಕ್ ದಾಟಿ, ಡಿವೈಡ್ ಎಂಬ ಹಳ್ಳಿಯಲ್ಲಿ ದಕ್ಷಿಣಕ್ಕೆ ತಿರುಗಿದರೆ ಮ್ಯೂಲರ್ ರಾಜ್ಯ ಉದ್ಯಾನ. ಐದು ಸಾವಿರ ಎಕರೆಗೂ ಮಿಕ್ಕ ಪೈನ್, ಫರ್, ಆಸ್ಪೆನ್ ಮರಗಳ ಕಾಡು. ತಂಗುದಾಣದ ಎತ್ತರ ಒಂಬತ್ತೂವರೆ ಸಾವಿರ ಅಡಿಯ ಸುಮಾರು. ಚಳಿಗಾಲದಲ್ಲಿಯೂ ಕೆಲವು ತಂಗುದಾಣಗಳು ವಿದ್ಯುತ್ತಿನೊಡನೆ ತೆರೆದಿರುತ್ತವೆ. ನೀರು ಹೆಪ್ಪುಗಟ್ಟುವುದರಿಂದ ನಾವು ಕುಡಿಯುವ ನೀರನ್ನು ಮನೆಯಿಂದಲೇ ಒಯ್ದೆವು. ಟ್ರೇಲರಿನ ಕೊಳವೆಗಳನ್ನು ಬಳಸದೆ, ಅವು ಒಡೆಯದಂತೆ ಗುಲಾಬಿ ಬಣ್ಣದ ಹಿಮನಿರೋಧಕ ದ್ರವವನ್ನು ತುಂಬಿದ್ದೆವು. ಅಡುಗೆಗೆ, ಶಾಖಕ್ಕೆ ಪ್ರೊಪೇನ್ ಅನಿಲ. ಬ್ಯೂಟೇನ್ ಸೊನ್ನೆ ಡಿಗ್ರಿಯ ಬಳಿಯೇ ಆವಿಯಾಗಲು ಒಲ್ಲದು; ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಆವಿಯಾಗುತ್ತದೆ.

ಆ ರಾತ್ರಿ ಉಷ್ಣಮಾಪಕ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯಿತು. ಹೊರಗೆ ಎಲೆ ಅಲುಗುವ ಸದ್ದೂ ಇಲ್ಲ. ಒಳಗೆ ನನ್ನ ಪತ್ನಿ ಜೋಳದ ರೊಟ್ಟಿ ತಟ್ಟಿದಳು. ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ರೊಟ್ಟಿಯ ಹಬೆ ಕಿಟಕಿಯ ಗಾಜಿನ ಮೇಲೆ ನೀರಾಗಿ, ಮರುಕ್ಷಣ ಮಂಜಾಗಿ ಕಟ್ಟಿತು. ಆರು ಜನರ ಉಸಿರೇ ಗೋಡೆಗಳನ್ನು ತೇವ ಮಾಡುವುದರಿಂದ, ಎಷ್ಟೇ ಚಳಿಯಿದ್ದರೂ ಮೇಲಿನ ಕಿಂಡಿಯನ್ನು ತುಸು ತೆರೆದಿಡಬೇಕು. ಅದಕ್ಕಿಂತ ದೊಡ್ಡ ಕಾರಣ ಇಂಗಾಲದ ಮಾನಾಕ್ಸೈಡ್. ಬಣ್ಣ ವಾಸನೆಗಳಿಲ್ಲದ ಈ ವಿಷಾನಿಲ ಮಲಗಿದವರನ್ನು ಏಳಗೊಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಅಡುಗೆಯ ಒಲೆಯನ್ನಾಗಲಿ ಶಾಖಕ್ಕಾಗಿ ಉರಿಸಬಾರದು. ಮಗಳು ಮಲಗುವ ಮುನ್ನ ಎಚ್ಚರಿಕೆಯ ಗಂಟೆಯನ್ನು ಒತ್ತಿ ಪರೀಕ್ಷಿಸಿದಳು.

ಬೆಳಿಗ್ಗೆ ಬಾಗಿಲು ತೆರೆದಾಗ ಕಂಡ ದೃಶ್ಯವನ್ನು ಮರೆಯಲಾರೆ. ಪೈಕ್ಸ್ ಪೀಕಿನ ಹಿಂದಿನಿಂದ ಸೂರ್ಯ ಮೇಲೇರುತ್ತಿದ್ದನು. ಆಸ್ಪೆನ್ ಮರಗಳ ಬಿಳಿಯ ಕಾಂಡಗಳಿಗೂ ನೆಲದ ಹಿಮಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಮೊಮ್ಮಗಳು ಹಿಮದ ಮೇಲೆ ಮೂಡಿದ್ದ ಜಿಂಕೆಯ ಹೆಜ್ಜೆಗಳನ್ನು ತೋರಿಸಿ, "ಅಜ್ಜ, ರಾತ್ರಿ ನಮ್ಮ ಬಾಗಿಲ ತನಕ ಬಂದಿತ್ತು" ಎಂದಳು.

ಅಂದು ಹತ್ತಿರದ ಫ್ಲಾರಿಸೆಂಟ್ ಪಳೆಯುಳಿಕೆ ವನಕ್ಕೆ ಹೋದೆವು. 1969ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿತವಾದ ಸ್ಥಳ. ಸುಮಾರು 3.4 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿಯ ಕೆಸರಿನಲ್ಲಿ ಹೂತ ಮಹಾವೃಕ್ಷಗಳ ಬುಡಗಳು ಕಲ್ಲಾಗಿ ನಿಂತಿವೆ. ಅವುಗಳಲ್ಲಿ ಅತಿ ದೊಡ್ಡದೊಂದರ ನೆತ್ತಿಯಲ್ಲಿ ಮುರಿದ ಗರಗಸದ ಅಲಗುಗಳು ಇಂದಿಗೂ ಸಿಕ್ಕಿಕೊಂಡಿವೆ. 1893ರ ಚಿಕಾಗೋ ವಸ್ತುಪ್ರದರ್ಶನಕ್ಕೆಂದು ಈ ಕಲ್ಲುಮರವನ್ನು ತುಂಡುತುಂಡಾಗಿ ಕೊಯ್ದು ಸಾಗಿಸಲು ಹೊರಟವರ ಗರಗಸಗಳವು. ಅಲಗು ಸಿಕ್ಕಿಕೊಂಡಿತು, ಕೆಲಸ ಕೈಬಿಟ್ಟರು, ಮರ ಉಳಿಯಿತು. ಅಳಿಯಂದಿರು ಅದನ್ನು ಬಹಳ ಹೊತ್ತು ನೋಡಿ, "ಇವರೂ ಚೀಟಿ ಓದದೆ ಬಂದವರು, ಮಾವ" ಎಂದರು.

ಇಳಿಜಾರು

ಮೂರನೆಯ ದಿನ ಹಿಂದಿರುಗುವಾಗ ಯೂಟ್ ಪಾಸಿನಲ್ಲಿ ಹಿಮ ಉದುರತೊಡಗಿತ್ತು. ನನ್ನ ಎದೆ ಬಡಿದುಕೊಳ್ಳುತ್ತಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅಳಿಯಂದಿರು ಇಳಿಜಾರು ಆರಂಭವಾಗುವುದಕ್ಕೆ ಮೊದಲೇ ವೇಗವನ್ನು ಇಳಿಸಿ, ಭಾರ ಎಳೆಯುವಾಗ ಬಳಸುವ ವಿಧಾನಕ್ಕೆ ಗೇರನ್ನು ಹಾಕಿದರು. ಯಂತ್ರವೇ ಕೆಳ ಗೇರಿನಲ್ಲಿ ನಿಂತು ಗಾಡಿಯನ್ನು ಹಿಡಿದಿಟ್ಟಿತು. ಬ್ರೇಕನ್ನು ಸತತವಾಗಿ ಒತ್ತಿಹಿಡಿಯದೆ, ಆಗಾಗ ಒತ್ತಿ ಬಿಡುತ್ತಿದ್ದರು. ಒತ್ತಿಯೇ ಹಿಡಿದರೆ ಅದು ಕಾದು ಹಿಡಿತ ತಪ್ಪುತ್ತದೆ. ದಾರಿಯಲ್ಲಿ ಒಂದೆಡೆ ದೊಡ್ಡ ಟ್ರೇಲರ್ ಎಳೆಯುತ್ತಿದ್ದ ವಾಹನವೊಂದು ಬದಿಗೆ ನಿಂತಿತ್ತು. ಅದರ ಗಾಲಿಗಳಿಂದ ಹೊಗೆ ಬರುತ್ತಿತ್ತು. ಸುಟ್ಟ ವಾಸನೆ ನಮ್ಮ ಗಾಡಿಯೊಳಗೂ ಬಂತು. ಅದರಲ್ಲಿದ್ದವರು ಕ್ಷೇಮವಾಗಿ ಹೊರಗೆ ನಿಂತಿದ್ದರು. ನಾವು ಯಾರೂ ಮಾತನಾಡಲಿಲ್ಲ. ಕಣಿವೆ ಮುಗಿದು ಬಯಲು ಕಂಡಾಗ ಅಳಿಯಂದಿರು ನನ್ನ ಕೈಯನ್ನು ಒಮ್ಮೆ ಮುಟ್ಟಿದರು.

ಮನೆ ತಲುಪಿದ ರಾತ್ರಿ ಊರಿಗೆ ಫೋನು ಮಾಡಿ ತಮ್ಮನಿಗೆ ಎಲ್ಲವನ್ನೂ ಹೇಳಿದೆ. ಹಿಮದ ವಿಚಾರವಾಗಲಿ, ಕಲ್ಲಾದ ಮರದ ವಿಚಾರವಾಗಲಿ ಅವನು ಕೇಳಲಿಲ್ಲ. "ಅಣ್ಣ, ಮುಂಭಾರ ಎಷ್ಟಿತ್ತು?" ಎಂದನು. ಲೆಕ್ಕ ಹೇಳಿದೆ. "ಹಾಗಾದರೆ ಸರಿ" ಎಂದನು. ಆ ರಾತ್ರಿಯ ಹೊರೆಯ ಬಗ್ಗೆ ಮೂವತ್ತಮೂರು ವರ್ಷಗಳಲ್ಲಿ ಅವನು ನನ್ನನ್ನು ಒಮ್ಮೆಯೂ ದೂರಿರಲಿಲ್ಲ. ನಾನೂ ಅವನೆದುರಿಗೆ ಅದನ್ನು ಎತ್ತಿರಲಿಲ್ಲ. ಅಂದು ಎತ್ತಿದೆ. "ಇಬ್ಬರೂ ಸೇರಿಯೇ ಹೇರಿದ್ದೆವಲ್ಲ ಅಣ್ಣ" ಎಂದಷ್ಟೇ ಹೇಳಿದನು.

ಕೊಲೊರಾಡೊದ ಟ್ರಕ್ಕು ನಮ್ಮ ಓದುಗರಲ್ಲಿ ಬಹುಮಂದಿಗೆ ಬೇಕಾಗಲಾರದು. ಆದರೆ ಕಬ್ಬಿನ ಹಂಗಾಮು ಪ್ರತಿ ವರ್ಷವೂ ಬರುತ್ತದೆ. ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಕತ್ತಲಲ್ಲಿ, ಹಿಂದೆ ದೀಪವೂ ಇಲ್ಲದೆ, ನಮ್ಮ ಹಳ್ಳಗಳ ಇಳಿಜಾರುಗಳನ್ನು ಇಳಿಯುತ್ತಲೇ ಇವೆ. ಅವುಗಳ ಮೇಲೆ ಕುಳಿತವರು ನಮ್ಮ ಮನೆಗಳ ಹುಡುಗರೇ. ಗಾಡಿ ಎಷ್ಟು ಎಳೆಯುತ್ತದೆ ಎಂದು ಕೇಳುವ ಮೊದಲು, ಎಷ್ಟು ತಡೆಯುತ್ತದೆ ಎಂದು ಕೇಳುವ ಅಭ್ಯಾಸ ಮನೆಯ ಹಿರಿಯರಿಂದ ಆರಂಭವಾಗಲಿ. ಒಂದು ಖೇಪು ಹೆಚ್ಚಾದರೆ ಒಂದು ದಿನದ ಬಾಡಿಗೆ ಹೋಗುತ್ತದೆ. ಅದನ್ನು ಉಳಿಸಲು ಹೋಗಿ ನಾನು ತೆತ್ತುದು ಏನೆಂಬುದನ್ನು ಈ ಪುಟಗಳಲ್ಲಿ ಬರೆದಿದ್ದೇನೆ.